ಸಾಕುಪ್ರಾಣಿ ಕಳೆದುಹೋಗದಂತೆ ಏನು ಮಾಡಬೇಕು, ಕಳೆದುಹೋದರೆ ಎಲ್ಲಿ ಹುಡುಕಬೇಕು: ಮುಂಬಯಿ, ಪುಣೆ, ಗೋವಾ ಕನ್ನಡಿಗರ ಚರ್ಚೆ

ಮುಲುಂಡ್‌ನಿಂದ, ಚರ್ಚೆ ಆರಂಭಿಸಿದವರು

ಎಲ್ಲರಿಗೂ ನಮಸ್ಕಾರ. ಗಣಪತಿ ವಿಸರ್ಜನೆಯ ಧೋಲ್‌-ತಾಶಾದಿಂದ ಹಿಡಿದು ದೀಪಾವಳಿಯ ಪಟಾಕಿಯವರೆಗಿನ ದಿನಗಳಲ್ಲಿ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪುಗಳಿಗೆ ಕಾಣೆಯಾದ ನಾಯಿ, ಬೆಕ್ಕುಗಳ ಫೋಟೊಗಳು ಒಂದರ ಹಿಂದೆ ಒಂದು ಬರತೊಡಗುತ್ತವೆ. ಮನುಷ್ಯರ ಕಿವಿ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದನ್ನು ಹಿಡಿಯುತ್ತದೆ. ನಾಯಿಯ ಕಿವಿ ಸುಮಾರು 45,000, ಬೆಕ್ಕಿನ ಕಿವಿ ಸುಮಾರು 64,000 ಹರ್ಟ್ಸ್‌ವರೆಗೂ ಹೋಗುತ್ತದೆ. ಆದ್ದರಿಂದ ನಮಗೆ ಹಬ್ಬದ ಸಡಗರವೆನಿಸುವ ಸದ್ದು ಅವುಗಳಿಗೆ ಜೀವಭಯ. ಹಾಗೆ ಹೆದರಿ ಓಡಿದ ಪ್ರಾಣಿಗಳನ್ನು ಮನೆಯವರೊಂದಿಗೆ ಸೇರಿ ಹುಡುಕುವ ಕೆಲಸದಲ್ಲಿ ನಾನು ಮತ್ತು ನನ್ನ ಕೆಲವು ಗೆಳತಿಯರು ಹಲವು ವರ್ಷಗಳಿಂದ ತೊಡಗಿಕೊಂಡಿದ್ದೇವೆ. ಅದರಲ್ಲಿ ಕಂಡ ಒಂದು ಸಂಗತಿಯನ್ನು ಎಲ್ಲರ ಮುಂದಿಡಬೇಕೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಪ್ರಾಣಿ ಕಾಣೆಯಾದ ಕೂಡಲೇ ಬಹುತೇಕರು ಮಾಡುವ ಮೊದಲ ಕೆಲಸವೆಂದರೆ ಫೋಟೊ ಹಾಕಿ, ಯಾರಾದರೂ ಫೋನ್ ಮಾಡುತ್ತಾರೆಂದು ಕಾಯುವುದು. ಫೋಟೊ ಹಾಕುವುದು ಬೇಡವೆಂದು ನಾನು ಹೇಳುತ್ತಿಲ್ಲ, ಆದರೆ ಆ ಮೊದಲ ಗಂಟೆಗಳು ಕಾಲ್ನಡಿಗೆಯಲ್ಲಿ ಕಳೆಯಬೇಕಾದ ಗಂಟೆಗಳು. 2010ರಲ್ಲಿ ಅಮೆರಿಕದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ದೂರವಾಣಿಯಲ್ಲಿ ಮಾತನಾಡಿಸಿ ನಡೆಸಿದ ಒಂದು ಸಮೀಕ್ಷೆಯಲ್ಲಿ, ಕಳೆದುಹೋದ ನಾಯಿಗಳಲ್ಲಿ ಶೇ. 93, ಬೆಕ್ಕುಗಳಲ್ಲಿ ಶೇ. 75 ಮನೆಗೆ ಮರಳಿದ್ದವು. ಮರಳಿದ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಿಕ್ಕಿದ್ದು ಮನೆಯವರು ನೆರೆಹೊರೆಯಲ್ಲಿ ಸ್ವತಃ ಹುಡುಕಿದ್ದರಿಂದ. ಅದು ಆ ದೇಶದ ಲೆಕ್ಕ, ನಮ್ಮ ಕಿಕ್ಕಿರಿದ ಊರಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ನೆರೆಹೊರೆಯ ಹುಡುಕಾಟವೇ ಮುಖ್ಯವೆಂಬುದು ನಮ್ಮ ಅನುಭವಕ್ಕೂ ಹೊಂದುತ್ತದೆ. ನಮ್ಮಲ್ಲಿ ಪ್ರಾಣಿಯನ್ನು ಕಂಡವರು ಇದ್ದೇ ಇರುತ್ತಾರೆ. ನಸುಕಿನಲ್ಲಿ ಹಾಲು ಹಾಕುವವರು, ಪೇಪರ್ ಹಾಕುವ ಹುಡುಗರು, ರಾತ್ರಿ ಪಾಳಿಯ ವಾಚ್‌ಮನ್‌ಗಳು, ಕಸ ಒಯ್ಯುವವರು, ರಿಕ್ಷಾ ಸ್ಟ್ಯಾಂಡಿನವರು ಎಲ್ಲವನ್ನೂ ನೋಡುತ್ತಾರೆ, ಆದರೆ ಅವರು ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿಲ್ಲ. ಅವರ ಬಳಿಗೆ ನಾವೇ ಹೋಗಬೇಕು, ಕೈಯಲ್ಲಿ ಅಚ್ಚು ಹಾಕಿಸಿದ ಫೋಟೊ ಇರಬೇಕು.

ತಡೆಗಟ್ಟುವ ವಿಷಯದಲ್ಲಿಯೂ ನನ್ನ ಅಭಿಪ್ರಾಯ ಇದೇ ಜಾಡಿನದು. ಎಲ್ಲಕ್ಕಿಂತ ಅಗ್ಗವಾದ, ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ವಸ್ತುವೆಂದರೆ ಕೊರಳಪಟ್ಟಿಯ ಬಿಲ್ಲೆಯ ಮೇಲೆ ಅಳಿಸಿಹೋಗದಂತೆ ಕೊರೆಸಿದ ಎರಡು ಫೋನ್ ನಂಬರುಗಳು. ಬೀಗದ ಕೈ ಮಾಡುವವರ ಅಂಗಡಿಗಳಲ್ಲಿ ಅನೇಕ ಕಡೆ ಇಂಥ ಬಿಲ್ಲೆಯನ್ನು ಕೊರೆದುಕೊಡುತ್ತಾರೆ. ಪ್ರಾಣಿಯ ಹೆಸರು ಇರದಿದ್ದರೂ ನಡೆಯುತ್ತದೆ, ನಂಬರು ಇರಲೇಬೇಕು. ಪಟ್ಟಿ ಮತ್ತು ಕೊರಳಿನ ನಡುವೆ ಎರಡು ಬೆರಳು ತೂರುವಷ್ಟು ಮಾತ್ರ ಸಡಿಲವಿರಲಿ. ಬೆಕ್ಕಿಗಾದರೆ ಎಲ್ಲಿಯಾದರೂ ಸಿಕ್ಕಿಕೊಂಡಾಗ ತಾನೇ ಬಿಚ್ಚಿಕೊಳ್ಳುವ ಕೊಕ್ಕೆಯ ಪಟ್ಟಿಯೇ ಬೇಕು. ಇಲ್ಲವಾದರೆ ಕಿಟಕಿಯ ಗ್ರಿಲ್ಲಿನಲ್ಲಿ ಕುತ್ತಿಗೆಗೆ ಉರುಳಾಗುವ ಅಪಾಯವಿದೆ. ಇನ್ನು ನಮ್ಮ ಫ್ಲಾಟುಗಳ ವಿಷಯ. ಪಾರಿವಾಳ ಬಾರದಂತೆ ಬಾಲ್ಕನಿಗೆ ಕಟ್ಟಿಸುವ ನೈಲಾನ್ ಬಲೆಯನ್ನು ನಂಬಿ ಬೆಕ್ಕನ್ನು ಬಿಡುವವರು ಬಹಳ ಮಂದಿ. ಆ ಬಲೆ ಬಿಸಿಲಿಗೆ ಲಡ್ಡಾಗುತ್ತದೆ, ಬೆಕ್ಕು ಅದನ್ನು ಹಲ್ಲಿನಿಂದ ಕಡಿದು ತೂತು ಮಾಡಬಲ್ಲದು, ಮೂಲೆಯ ಕೊಕ್ಕೆಗಳು ಮಳೆಗಾಲದಲ್ಲಿ ತುಕ್ಕು ಹಿಡಿದು ಕಳಚುತ್ತವೆ. ಸ್ಟೀಲಿನ ಜಾಳಿಗೆ ಖರ್ಚು ಹೆಚ್ಚಾದರೂ ಅದೇ ಸರಿ. ಮುಖ್ಯ ಬಾಗಿಲಿನ ಹೊರಗಿರುವ ಸೇಫ್ಟಿ ಡೋರ್ ಎಂಬುದು ಮುಂಬಯಿ ಮನೆಗಳ ದೊಡ್ಡ ಅನುಕೂಲ. ಒಂದು ಬಾಗಿಲು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯುವ ಅಭ್ಯಾಸವನ್ನು ಮನೆಯ ಮಕ್ಕಳಿಗೂ, ಮನೆಗೆಲಸಕ್ಕೆ ಬರುವ ಹೆಂಗಸರಿಗೂ ಕಲಿಸಿದರೆ ಅರ್ಧ ಆತಂಕ ಕಳೆದಂತೆ.

ಡೊಂಬಿವಲಿಯಿಂದ

ಅಕ್ಕ, ನಿಮ್ಮ ಬರಹವನ್ನು ಓದುತ್ತಿರುವಾಗಲೇ ಕೇಳುತ್ತಿದ್ದೇನೆ. ನಮ್ಮ ಮನೆಯಲ್ಲಿ ಬಣ್ಣ ಬಳಿಯುವ ಕೆಲಸ ನಡೆಯುತ್ತಿದೆ. ಮೊನ್ನೆ ಸಂಜೆ ಸಾಮಾನು ಒಳಗೆ ತರುವ ಗಲಾಟೆಯಲ್ಲಿ ಚಿನ್ನಿ, ನಮ್ಮ ಹೆಣ್ಣುಬೆಕ್ಕು, ಬಾಗಿಲಿನಿಂದ ಹೊರಬಿದ್ದಿದೆ. ನಾವಿರುವುದು ನಾಲ್ಕನೆಯ ಮಹಡಿ. ಹುಟ್ಟಿದಾಗಿನಿಂದ ಮನೆಯೊಳಗೇ ಬೆಳೆದದ್ದು, ಹೊರಗಿನ ಪ್ರಪಂಚ ಅದಕ್ಕೆ ಗೊತ್ತಿಲ್ಲ. ಹೆಸರು ಕೂಗುತ್ತಾ ಸ್ಟೇಷನ್ ರಸ್ತೆಯವರೆಗೂ ಹೋಗಿ ಬಂದೆವು. ಎಲ್ಲಿಯೂ ಸುಳಿವಿಲ್ಲ. ಅಮ್ಮ ಊಟ ಬಿಟ್ಟಿದ್ದಾರೆ. ಯಾವ ಕಡೆ ಹುಡುಕಬೇಕು, ದಯವಿಟ್ಟು ತಿಳಿಸಿ.

ಮುಲುಂಡ್‌ನಿಂದ, ಚರ್ಚೆ ಆರಂಭಿಸಿದವರು

ತಮ್ಮಾ, ಸ್ಟೇಷನ್ ಕಡೆಯ ಹುಡುಕಾಟವನ್ನು ಸದ್ಯಕ್ಕೆ ನಿಲ್ಲಿಸಿ ಬಿಲ್ಡಿಂಗಿಗೇ ಮರಳಿ ಬನ್ನಿ. ಕಾಣೆಯಾದ 1,210 ಬೆಕ್ಕುಗಳ ಬಗ್ಗೆ ಮಾಹಿತಿ ಕಲೆಹಾಕಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಿಕ್ಕಿದ ಬೆಕ್ಕುಗಳ ಪೈಕಿ ಅರ್ಧದಷ್ಟು ಮನೆಯಿಂದ 50 ಮೀಟರಿನೊಳಗೂ, ಮುಕ್ಕಾಲು ಪಾಲು 500 ಮೀಟರಿನೊಳಗೂ ದೊರೆತಿದ್ದವು. ಮನೆಯೊಳಗೆ ಬೆಳೆದ ಬೆಕ್ಕು ಹೊರಬಿದ್ದರೆ ದೂರ ಓಡುವುದು ಅಪರೂಪ. ಅದು ಮೊದಲು ಸಿಕ್ಕ ಕತ್ತಲೆಯ ಸಂದಿಯೊಳಗೆ ತೂರಿ, ಹಸಿವು ಬಾಯಾರಿಕೆಗಳನ್ನು ಸಹಿಸಿಕೊಂಡು, ಸದ್ದೇ ಮಾಡದೆ ಕುಳಿತುಬಿಡುತ್ತದೆ. ನೀವು ಎರಡು ಅಡಿ ದೂರದಲ್ಲಿ ನಿಂತು ಹೆಸರು ಹಿಡಿದು ಕರೆದರೂ ಓಗೊಡದಿರಬಹುದು. ಅದು ನಿಮ್ಮನ್ನು ಮರೆತಿದೆಯೆಂದು ಅಮ್ಮ ನೊಂದುಕೊಳ್ಳಬಾರದು. ಉಸಿರೆತ್ತಿದರೆ ಶತ್ರುವಿಗೆ ಸಿಕ್ಕಿಬೀಳುತ್ತೇನೆಂಬ ಹೆದರಿಕೆ ಅದನ್ನು ಹಾಗೆ ಕಟ್ಟಿಹಾಕಿರುತ್ತದೆ.

ಹೆದರಿದ ಬೆಕ್ಕು ಮೆಟ್ಟಿಲಿನಲ್ಲಿ ಮೇಲಕ್ಕೂ ಹೋಗಬಹುದು, ಕೆಳಕ್ಕೂ ಇಳಿಯಬಹುದು. ಆದ್ದರಿಂದ ಗಚ್ಚಿಯ (ತಾರಸಿಯ) ನೀರಿನ ಟಾಂಕಿಯ ಹಿಂಭಾಗ, ಲಿಫ್ಟಿನ ಯಂತ್ರದ ಕೋಣೆ, ಕೇಬಲ್ ಮತ್ತು ಕೊಳವೆಗಳು ಹಾದುಹೋಗುವ ಡಕ್ಟ್‌ಗಳ ಬಾಗಿಲು, ಮೀಟರ್ ರೂಮ್, ಪಂಪ್ ರೂಮ್, ಅಡಿಯಲ್ಲಿ ನಿಂತಿರುವ ಕಾರುಗಳ ಬಾನೆಟ್ಟಿನೊಳಗು, ಯಾವುದನ್ನೂ ಬಿಡಬೇಡಿ. ಬೀಗ ಹಾಕಿದ ಕೋಣೆಗಳನ್ನು "ಅಲ್ಲಿ ಹೋಗಲು ಸಾಧ್ಯವಿಲ್ಲ" ಎಂದು ವಾಚ್‌ಮನ್ ಹೇಳಿದರೂ ಸೊಸೈಟಿಯ ಕಾರ್ಯದರ್ಶಿಯವರನ್ನು ವಿನಂತಿಸಿ ತೆರೆಸಿರಿ, ಏಕೆಂದರೆ ತೆರೆದಿದ್ದ ಕ್ಷಣದಲ್ಲಿ ಒಳಹೊಕ್ಕ ಮೇಲೆ ಬೀಗ ಬಿದ್ದಿರುವ ಸಂದರ್ಭಗಳೇ ಹೆಚ್ಚು. ಪ್ರತಿ ಮಹಡಿಯ ಪ್ರತಿ ಮನೆಯ ಬಾಗಿಲು ತಟ್ಟಿ, ಬಾಲ್ಕನಿಯನ್ನೂ ಮಂಚದ ಅಡಿಯನ್ನೂ ಒಮ್ಮೆ ನೋಡಲು ಕೇಳಿಕೊಳ್ಳಿ. ಈಗ ಖಾಲಿಯಿರುವ ಫ್ಲಾಟುಗಳ ಬೀಗದ ಕೈ ಯಾರ ಬಳಿ ಇದೆಯೆಂದು ವಿಚಾರಿಸಿ. ರಾತ್ರಿ 1 ಗಂಟೆಯಿಂದ 4 ಗಂಟೆಯವರೆಗೆ, ವಾಹನಗಳ ಸದ್ದು ತಗ್ಗಿದಾಗ, ಒಬ್ಬರೇ ಟಾರ್ಚ್ ಹಿಡಿದು ನಿಧಾನವಾಗಿ ನಡೆಯಿರಿ. ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿದರೆ ಬೆಕ್ಕಿನ ಕಣ್ಣು ಕತ್ತಲೆಯಲ್ಲಿ ಹೊಳೆದು ತಾನಿರುವ ಜಾಗವನ್ನು ತೋರಿಸಿಕೊಡುತ್ತದೆ. ಸಿಸಿಟಿವಿಯ ದೃಶ್ಯಗಳನ್ನು ಇಂದೇ ಕೇಳಿ ಪಡೆಯಿರಿ. ಅನೇಕ ಸೊಸೈಟಿಗಳಲ್ಲಿ ಹಳೆಯ ದೃಶ್ಯಗಳ ಮೇಲೆಯೇ ಹೊಸವು ಮುದ್ರಣವಾಗಿ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತವೆ.

ಪುಣೆಯಿಂದ, ಪಶುವೈದ್ಯರು

ಮುಲುಂಡ್‌ನ ಮೇಡಂ ಅವರ ಮಾತುಗಳನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ. ಇದರ ಜೊತೆಗೆ ನಮ್ಮ ಕ್ಲಿನಿಕ್ಕಿಗೆ ಬರುವವರು ಪದೇಪದೇ ತಪ್ಪಾಗಿ ತಿಳಿದುಕೊಂಡಿರುವ ಒಂದು ವಿಷಯವನ್ನು ಬಿಡಿಸಿ ಹೇಳಬೇಕೆನಿಸುತ್ತದೆ. ಮೈಕ್ರೋಚಿಪ್ ಹಾಕಿಸಿದರೆ ನಾಯಿ ಎಲ್ಲಿದೆಯೆಂದು ಮೊಬೈಲಿನಲ್ಲಿ ಕಾಣಿಸುತ್ತದೆ ಎಂದು ಅನೇಕರು ನಂಬಿದ್ದಾರೆ. ಹಾಗೇನೂ ಇಲ್ಲ. ಅದು ಅಕ್ಕಿಕಾಳಿನಷ್ಟು ದೊಡ್ಡದಾದ, ಬ್ಯಾಟರಿಯೇ ಇಲ್ಲದ ಒಂದು ಗಾಜಿನ ನಳಿಕೆ. ದಪ್ಪ ಸೂಜಿಯಿಂದ ಎರಡು ಹೆಗಲುಗಳ ನಡುವಿನ ಚರ್ಮದ ಅಡಿಯಲ್ಲಿ ಅದನ್ನು ಇರಿಸುತ್ತೇವೆ. 134.2 ಕಿಲೋಹರ್ಟ್ಸ್‌ನ ಸ್ಕ್ಯಾನರನ್ನು ಹತ್ತಿರ ಹಿಡಿದಾಗ ಮಾತ್ರ ಅದು ಎಚ್ಚೆತ್ತು 15 ಅಂಕಿಗಳ ಒಂದು ಸಂಖ್ಯೆಯನ್ನು ಹೇಳುತ್ತದೆ. ಅದರಲ್ಲಿ ನಿಮ್ಮ ಹೆಸರಿಲ್ಲ, ವಿಳಾಸವಿಲ್ಲ. ಆ ಸಂಖ್ಯೆಯ ಎದುರಿಗೆ ನಿಮ್ಮ ಇಂದಿನ ಫೋನ್ ನಂಬರು ದಾಖಲೆಯಲ್ಲಿದ್ದರಷ್ಟೇ ಚಿಪ್ಪಿಗೆ ಬೆಲೆ. ಮನೆ ಬದಲಿಸಿದಾಗ ಗ್ಯಾಸ್ ಸಂಪರ್ಕವನ್ನು ನೆನಪಿಟ್ಟು ಬದಲಿಸುವ ನಾವು ಈ ದಾಖಲೆಯನ್ನು ಮರೆಯುತ್ತೇವೆ.

ಹಾಗೆಂದು ಚಿಪ್ ವ್ಯರ್ಥವೆಂದು ಯಾರೂ ಭಾವಿಸಬಾರದು. 2009ರಲ್ಲಿ ಅಮೆರಿಕದ ಪ್ರಾಣಿ ಆಶ್ರಯ ಕೇಂದ್ರಗಳ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಲ್ಲಿಗೆ ಬಂದ ಬೀದಿಪಾಲಾದ ನಾಯಿಗಳಲ್ಲಿ ಒಟ್ಟಾರೆ ಶೇ. 21.9 ಮಾತ್ರ ಮಾಲೀಕರನ್ನು ಸೇರಿದ್ದರೆ, ಚಿಪ್ ಇದ್ದ ನಾಯಿಗಳಲ್ಲಿ ಆ ಪ್ರಮಾಣ ಶೇ. 52.2 ಇತ್ತು. ಬೆಕ್ಕುಗಳಲ್ಲಿ ಶೇ. 1.8 ಎಂಬುದು ಶೇ. 38.5 ಆಗಿತ್ತು. ಕೊರಳಪಟ್ಟಿ ಕಳಚಿಬಿದ್ದ ಮೇಲೆ, ಅಥವಾ ಬೇರೆಯವರು ನಾಯಿಯನ್ನು ತಮ್ಮದೆಂದು ವಾದಿಸುವಾಗ, ನಿಮ್ಮ ಪರವಾಗಿ ಉಳಿಯುವ ಗಟ್ಟಿ ಸಾಕ್ಷಿ ಇದು. ಆದರೆ ನಮ್ಮ ಊರುಗಳಲ್ಲಿ ಪ್ರತಿ ಕ್ಲಿನಿಕ್ಕಿನಲ್ಲಿಯೂ ಸ್ಕ್ಯಾನರ್ ಇರುವುದಿಲ್ಲ. ದಾರಿಹೋಕರ ಬಳಿಯಂತೂ ಇರುವುದೇ ಇಲ್ಲ. ಆದ್ದರಿಂದ ಚಿಪ್ ಇದ್ದರೂ ಬಿಲ್ಲೆ ಇರಲಿ ಎಂದು ಎಲ್ಲರಿಗೂ ಹೇಳುತ್ತೇನೆ.

ಏರ್‌ಟ್ಯಾಗ್ ಬಗ್ಗೆಯೂ ಕೇಳುತ್ತಾರೆ. ಅದು ಬ್ಲೂಟೂತ್ ಮೂಲಕ ಹತ್ತಿರದ ಐಫೋನುಗಳನ್ನು ಆಶ್ರಯಿಸಿ ಕೆಲಸ ಮಾಡುವ ಸಾಧನ. ಜನಸಂದಣಿಯ ರಸ್ತೆಯಲ್ಲಿ ನೆರವಾಗಬಹುದು, ಜನವಿರಳವಾದ ಸಿಂಹಗಡ ಬೆಟ್ಟದ ಇಳಿಜಾರಿನಲ್ಲಿ ಮೌನವಾಗಿಬಿಡಬಹುದು. ಸಿಮ್ ಇರುವ ಜಿಪಿಎಸ್ ಪಟ್ಟಿ ಅದಕ್ಕಿಂತ ನಂಬಲರ್ಹ, ಆದರೆ ಆಗಾಗ ಚಾರ್ಜ್ ಮಾಡುತ್ತಿರಬೇಕು. ಅಗಿಯುವ ಚಟವಿರುವ ನಾಯಿಮರಿಗೆ ಗುಂಡಿ ಬ್ಯಾಟರಿಯ ಯಾವ ಸಾಧನವನ್ನೂ ಕಟ್ಟಬೇಡಿ. ನುಂಗಿದರೆ ಅನ್ನನಾಳವನ್ನು ಸುಡುತ್ತದೆ.

ಮಾಟುಂಗಾದಿಂದ, ಹೋಟೆಲ್ ಉದ್ಯಮಿ

ನಮ್ಮವರು ಈ ನಗರದ ಮೂಲೆಮೂಲೆಗಳಲ್ಲಿ ಹೋಟೆಲು ನಡೆಸುತ್ತಿದ್ದಾರೆ ಎಂಬುದನ್ನು ಈ ಚರ್ಚೆಯಲ್ಲಿ ಯಾರೂ ನೆನಪಿಸಿಕೊಳ್ಳಲಿಲ್ಲ. ಉಡುಪಿ ಹೋಟೆಲುಗಳ ಅಡುಗೆಮನೆ ಬೆಳಕು ಹರಿಯುವ ಮೊದಲೇ ತೆರೆಯುತ್ತದೆ, ಮುಚ್ಚುವುದು ರಾತ್ರಿ ಬಹಳ ತಡವಾಗಿ. ಹಸಿದ ನಾಯಿ ಮೊದಲು ಬಂದು ನಿಲ್ಲುವುದು ಹಿಂಬಾಗಿಲಿನ ಬಳಿ, ಮುಸುರೆ ಚೆಲ್ಲುವ ಜಾಗದಲ್ಲಿ. ಬೀದಿಯ ನಾಯಿಗಳನ್ನು ನಮ್ಮ ಹುಡುಗರು ಒಂದೊಂದಾಗಿ ಗುರುತಿಸಬಲ್ಲರು, ಆದ್ದರಿಂದ ಹೊಸ ನಾಯಿ ಬಂದರೆ ಅವರಿಗೆ ಕೂಡಲೇ ತಿಳಿಯುತ್ತದೆ. ಕಳೆದ ವರ್ಷ ನಮ್ಮ ಹಿಂಬಾಗಿಲಿಗೆ ಬಂದ ಒಂದು ಕಂದು ಬಣ್ಣದ ಲ್ಯಾಬ್ರಡಾರ್ ಅನ್ನವನ್ನು ಮೂಸಿಯೂ ನೋಡದೆ ನಡುಗುತ್ತಾ ನಿಂತಿತ್ತು. ಕೊರಳಲ್ಲಿ ನಂಬರು ಇದ್ದುದರಿಂದ ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ಮನೆಯವರು ಬಂದು ಕರೆದುಕೊಂಡು ಹೋದರು. ಹಾಗಾಗಿ ಹುಡುಕುವವರು ಹತ್ತಿರದ ಹೋಟೆಲುಗಳ ಗಲ್ಲಾಪೆಟ್ಟಿಗೆಯಲ್ಲಿ ಮಾತ್ರ ಚೀಟಿ ಕೊಡದೆ, ಹಿಂಬದಿಗೆ ಹೋಗಿ ಪಾತ್ರೆ ತೊಳೆಯುವವರೊಂದಿಗೂ ಮಾತನಾಡಬೇಕೆಂದು ಕೋರುತ್ತೇನೆ. ಚೀಟಿ ಮರಾಠಿ ಮತ್ತು ಹಿಂದಿಯಲ್ಲಿ ಇರಬೇಕು. ದೊಡ್ಡ ಅಕ್ಷರ, ಒಂದೇ ಫೋಟೊ, ಫೋನ್ ನಂಬರು, ಇಷ್ಟು ಸಾಕು. ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟು ಅಂಟಿಸದಿದ್ದರೆ ನಮ್ಮ ಮಳೆಯಲ್ಲಿ ಒಂದು ದಿನವೂ ಉಳಿಯುವುದಿಲ್ಲ.

ವಾಸ್ಕೋದಿಂದ

ಗೋವಾದ ಕಡೆಯ ಒಂದು ಮಾತನ್ನು ಸೇರಿಸುತ್ತೇನೆ. ಇಲ್ಲಿ ನಾಯಿ ಕಳೆಯುವುದು ಹೆಚ್ಚಾಗಿ ಪ್ರವಾಸಕ್ಕೆ ಬಂದವರದು. ಮುಂಬಯಿ, ಪುಣೆ, ಬೆಳಗಾವಿಗಳಿಂದ ಕಾರಿನಲ್ಲಿ ಬಂದು, ಸಮುದ್ರತೀರ ಕಂಡ ಖುಷಿಯಲ್ಲಿ ಹಗ್ಗ ಬಿಚ್ಚುತ್ತಾರೆ. ತೀರದ ಪ್ರತಿಯೊಂದು ಭಾಗಕ್ಕೂ ಅಲ್ಲಿಯ ನಾಯಿಗಳ ಗುಂಪೊಂದು ಒಡೆತನ ಹೊಂದಿರುತ್ತದೆ. ಅವು ಅಟ್ಟಿಸಿಕೊಂಡು ಬಂದಾಗ ಮನೆಯ ನಾಯಿ ದಿಕ್ಕು ತಪ್ಪಿ ಓಡುತ್ತದೆ, ಮತ್ತು ಅದು ಮರಳಿ ಬರಬೇಕಾದ ಮನೆ ನೂರಾರು ಕಿಲೋಮೀಟರು ದೂರದಲ್ಲಿದೆ. ಅಪರಿಚಿತ ಊರಿನಲ್ಲಿ ಹಗ್ಗ ಬಿಚ್ಚಲೇಬಾರದು ಎಂಬುದು ನನ್ನ ಖಚಿತ ನಿಲುವು. ರೈಲಿನಲ್ಲಿ ಊರಿಗೆ ಕರೆದೊಯ್ಯುವವರಿಗೂ ಇದೇ ಮಾತು. ಮೊದಲ ದರ್ಜೆಯ ಎಸಿ ಕೂಪೆಯನ್ನು ಪೂರ್ತಿಯಾಗಿ ಕಾದಿರಿಸಿ ಪ್ರಯಾಣಿಸಿದರೂ, ನಡುವಿನ ನಿಲ್ದಾಣದಲ್ಲಿ ಇಳಿಸುವಾಗ ಎದೆಪಟ್ಟಿ ಮತ್ತು ಕೊರಳಪಟ್ಟಿ ಎರಡಕ್ಕೂ ಹಗ್ಗ ಇರಲಿ. ಎಂಜಿನ್ನಿನ ಸೀಟಿಗೆ ಬೆಚ್ಚಿ ಹಿಂದಕ್ಕೆ ಜಗ್ಗಿದ ನಾಯಿಯ ತಲೆಯಿಂದ ಕೊರಳಪಟ್ಟಿ ಜಾರಿಬಿಡುತ್ತದೆ.

ಕಳೆದುಹೋದ ನಾಯಿ ಕಣ್ಣಿಗೆ ಬಿದ್ದಾಗ ಹೆಸರು ಕೂಗುತ್ತಾ ಹಿಂದೆ ಓಡಬೇಡಿ. ಬೆನ್ನಟ್ಟಿದಷ್ಟೂ ಅದು ರಸ್ತೆಗೆ, ಹಳಿಗೆ ನುಗ್ಗುತ್ತದೆ. ಪಕ್ಕಕ್ಕೆ ತಿರುಗಿ ನೆಲದಲ್ಲಿ ಕುಳಿತು, ಅದರ ಕಣ್ಣನ್ನು ನೋಡದೆ, ಬಿಸ್ಕತ್ತಿನ ಪೊಟ್ಟಣದ ಸದ್ದು ಮಾಡುತ್ತಾ ಕಾಯಿರಿ. ಇನ್ನೊಂದು ಗುರುತು ಎಲ್ಲರಿಗೂ ತಿಳಿದಿರಲಿ. ಕಿವಿಯ ತುದಿಯಲ್ಲಿ ಕತ್ತರಿಸಿ ಮಾಡಿದ ಕಚ್ಚು ಇದ್ದರೆ ಅದು ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೀದಿನಾಯಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಅಂಥ ನಾಯಿಯನ್ನು ಹಿಡಿದ ಜಾಗದಲ್ಲಿಯೇ ಮರಳಿ ಬಿಡಲಾಗುತ್ತದೆ. ಅದನ್ನು ಕಳೆದುಹೋದ ನಾಯಿಯೆಂದು ಕನಿಕರಪಟ್ಟು ಬೇರೆ ಬಡಾವಣೆಗೆ ಒಯ್ದರೆ, ಮನೆಯಿದ್ದ ಪ್ರಾಣಿಯನ್ನು ನಾವೇ ಕಳೆದಂತಾಗುತ್ತದೆ.

ಠಾಣೆಯಿಂದ, ವಕೀಲರು

ಪ್ರಾಣಿ ಸಿಕ್ಕಿದವರ ಹೊಣೆಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕಾನೂನಿನ ದೃಷ್ಟಿಯಲ್ಲಿ ಸಾಕುಪ್ರಾಣಿ ಚರಾಸ್ತಿ. 1872ರ ಭಾರತೀಯ ಕರಾರು ಅಧಿನಿಯಮದ 71ನೆಯ ಕಲಮಿನಂತೆ, ಬೇರೆಯವರ ವಸ್ತು ಸಿಕ್ಕಿ ಅದನ್ನು ತನ್ನ ವಶಕ್ಕೆ ತೆಗೆದುಕೊಂಡವನಿಗೆ, ಒಡೆಯ ನಂಬಿ ಒಪ್ಪಿಸಿದ ವಸ್ತುವನ್ನು ಇಟ್ಟುಕೊಂಡವನಿಗಿರುವಷ್ಟೇ ಜವಾಬ್ದಾರಿ ಇರುತ್ತದೆ. ಎಂದರೆ ಎಚ್ಚರಿಕೆಯಿಂದ ಕಾಪಾಡಬೇಕು, ಒಡೆಯ ಸಿಕ್ಕಾಗ ಒಪ್ಪಿಸಬೇಕು. 168ನೆಯ ಕಲಮು ಅವನ ಹಿತವನ್ನೂ ಕಾಯುತ್ತದೆ. ಪಾಲನೆಗೆ ಮತ್ತು ಒಡೆಯನನ್ನು ಹುಡುಕಲು ತಗುಲಿದ ವೆಚ್ಚ ಕೈಸೇರುವವರೆಗೆ ಅವನು ವಸ್ತುವನ್ನು ಇರಿಸಿಕೊಳ್ಳಬಹುದು, ಮತ್ತು ಒಡೆಯ ನಿರ್ದಿಷ್ಟ ಬಹುಮಾನವನ್ನು ಘೋಷಿಸಿದ್ದರೆ ಅದಕ್ಕಾಗಿ ದಾವೆ ಹೂಡಬಹುದು. ಆದ್ದರಿಂದ ಚೀಟಿಯಲ್ಲಿ ಬಹುಮಾನದ ಮೊತ್ತವನ್ನು ಬರೆಯುವ ಮೊದಲು ಯೋಚಿಸಿ, ಬರೆದ ಮೇಲೆ ಕೊಡಿ. ಒಡೆಯರಿದ್ದಾರೆಂದು ಗೊತ್ತಿದ್ದೂ ಅಪ್ರಾಮಾಣಿಕವಾಗಿ ಪ್ರಾಣಿಯನ್ನು ತನ್ನದಾಗಿಸಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮು ಅನ್ವಯವಾಗುತ್ತದೆ. ಕದ್ದೊಯ್ದಿದ್ದರೆ 303ನೆಯ ಕಲಮಿನ ಕಳವು. ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬೇಸರ ಬಂದ ಪ್ರಾಣಿಯನ್ನು ಬೀದಿಗೆ ಬಿಡುವುದಂತೂ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ ಅಪರಾಧ.

ಒಡೆತನದ ಪುರಾವೆ ಮೊದಲೇ ಸಿದ್ಧವಿರಬೇಕು. ಮುಂಬಯಿ ಮತ್ತು ಪುಣೆ ಮಹಾನಗರಪಾಲಿಕೆಗಳೆರಡೂ ಸಾಕುನಾಯಿಗೆ ಪರವಾನಗಿ ನೀಡುತ್ತವೆ, ಅದನ್ನು ಮಾಡಿಸಿಕೊಳ್ಳಿ. ಲಸಿಕೆಯ ಪುಸ್ತಕ, ಚಿಪ್ಪಿನ ಸಂಖ್ಯೆ, ಮನೆಯವರೊಂದಿಗೆ ತೆಗೆದ ಫೋಟೊಗಳು ಒಂದೇ ಕಡೆ ಇರಲಿ. ಕೊನೆಯದಾಗಿ, ವಂಚಕರ ಬಗ್ಗೆ ಎಚ್ಚರ. "ನಿಮ್ಮ ನಾಯಿ ನಮ್ಮಲ್ಲಿದೆ, ಔಷಧಕ್ಕೆ ಹಣ ಕಳುಹಿಸಿ" ಎಂದು ಫೋನ್ ಮಾಡುವವರಿದ್ದಾರೆ. ಹೊಟ್ಟೆಯ ಮೇಲಿನ ಮಚ್ಚೆಯಂಥ ಒಂದು ಗುರುತನ್ನು ಚೀಟಿಯಲ್ಲಿ ಬರೆಯದೆ ನಿಮ್ಮಲ್ಲಿಯೇ ಉಳಿಸಿಕೊಂಡು, ಕರೆ ಮಾಡಿದವರನ್ನು ಅದರ ಬಗ್ಗೆ ಕೇಳಿ. ವೀಡಿಯೊ ಕರೆಯಲ್ಲಿ ಪ್ರಾಣಿಯನ್ನು ತೋರಿಸದವರಿಗೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ.

ಡೊಂಬಿವಲಿಯಿಂದ

ಅಕ್ಕ, ಸಿಸಿಟಿವಿಯಲ್ಲಿ ಚಿನ್ನಿ ಕಾಣಿಸಿತು! ನಿನ್ನೆ ರಾತ್ರಿ ಎರಡು ಗಂಟೆಯ ಸುಮಾರಿಗೆ ಪಾರ್ಕಿಂಗಿನ ಕಂಬದ ಹಿಂದಿನಿಂದ ಬಂದು ಪಂಪ್ ರೂಮಿನ ಕಡೆಗೆ ಹೋಗಿದೆ. ಅಲ್ಲಿ ಕಬ್ಬಿಣದ ಹಳೆಯ ಸಾಮಾನಿನ ರಾಶಿ ಇದೆ. ನಾವೆಲ್ಲ ಸೇರಿ ಅದನ್ನು ತೆಗೆಸಿಬಿಡಬಹುದೇ?

ಮುಲುಂಡ್‌ನಿಂದ, ಚರ್ಚೆ ಆರಂಭಿಸಿದವರು

ಬೇಡ ತಮ್ಮಾ, ರಾಶಿಯನ್ನು ಮುಟ್ಟಲೇಬೇಡಿ. ಸದ್ದಿಗೆ ಹೆದರಿ ಅದು ಕಾಂಪೌಂಡಿನಿಂದ ಹೊರಗೆ ಜಿಗಿದರೆ ಕೆಲಸ ಕಷ್ಟವಾಗುತ್ತದೆ. ಎಲ್ಲರನ್ನೂ ಮನೆಗೆ ಕಳುಹಿಸಿ. ರಾತ್ರಿ ಅಮ್ಮ ಒಬ್ಬರೇ ಹೋಗಿ ಹತ್ತಿರದಲ್ಲಿ ಕುಳಿತು, ಮನೆಯಲ್ಲಿ ಊಟಕ್ಕೆ ಕರೆಯುವ ಧ್ವನಿಯಲ್ಲಿಯೇ ಮಾತನಾಡಲಿ. ವಾಸನೆ ಹೆಚ್ಚಿರುವ ಬಂಗಡೆ ಅಥವಾ ಟ್ಯೂನಾ ಮೀನನ್ನು ಬೆಚ್ಚಗೆ ಮಾಡಿ ಒಯ್ಯಿರಿ. ಪ್ರಯಾಣದ ಬುಟ್ಟಿಯ ಬಾಗಿಲು ತೆರೆದು, ಒಳಗೆ ಅಮ್ಮ ಉಟ್ಟ ಹಳೆಯ ಸೀರೆಯ ತುಂಡು ಹಾಕಿ, ಮೀನನ್ನು ಬುಟ್ಟಿಯ ಕೊನೆಯಲ್ಲಿ ಇಡಿ. ಕೈಯಿಂದ ಎತ್ತಲು ಹೋಗಬೇಡಿ, ಹೆದರಿದ ಬೆಕ್ಕು ಮನೆಯವರನ್ನೂ ಕಚ್ಚುತ್ತದೆ. ಎರಡು ರಾತ್ರಿಯಾದರೂ ಬಾರದಿದ್ದರೆ ಪ್ರಾಣಿರಕ್ಷಣೆಯ ಸ್ವಯಂಸೇವಕರಿಂದ ಬೋನನ್ನು ತರಿಸೋಣ, ನಾನೇ ಮಾತನಾಡುತ್ತೇನೆ.

ಡೊಂಬಿವಲಿಯಿಂದ

ಬೆಳಗಿನ ಜಾವ ಚಿನ್ನಿ ತಾನಾಗಿಯೇ ಬುಟ್ಟಿಯೊಳಗೆ ಬಂದು ಮೀನು ತಿಂದಿತು. ಅಮ್ಮ ಬಾಗಿಲು ಮುಚ್ಚಿ ಮನೆಗೆ ತಂದರು. ಬಹಳ ಸೊರಗಿದೆ, ಹಿಂಗಾಲಿನಲ್ಲಿ ಒಂದು ಗಾಯವಿದೆ. ನಿಮ್ಮೆಲ್ಲರ ಉಪಕಾರವನ್ನು ಮರೆಯಲಾರೆವು. ಈಗ ಹೊಟ್ಟೆ ತುಂಬ ಊಟ ಹಾಕಬಹುದೇ ಡಾಕ್ಟರೇ?

ಪುಣೆಯಿಂದ, ಪಶುವೈದ್ಯರು

ಬಹಳ ಸಂತೋಷವಾಯಿತು. ಒಮ್ಮೆಗೇ ಹೆಚ್ಚು ಹಾಕದೆ, ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಕೊಡಿ, ನೀರು ಸದಾ ಪಕ್ಕದಲ್ಲಿರಲಿ. ಕೆಲವು ದಿನ ಉಪವಾಸವಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೆ ಅಪಾಯವಾಗುವ ಸಂಭವವಿದೆ. ಊಟ ನಿರಾಕರಿಸಿದರೆ ಅಥವಾ ಕಿವಿಯ ಒಳಭಾಗ, ವಸಡು ಹಳದಿಯಾಗಿ ಕಂಡರೆ ತಡಮಾಡಬೇಡಿ. ಗಾಯವನ್ನು ಇಂದೇ ನಿಮ್ಮ ವೈದ್ಯರಿಗೆ ತೋರಿಸಿ, ಬೇರೆ ಪ್ರಾಣಿ ಕಚ್ಚಿರಬಹುದೆಂದು ಹೇಳಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿ. ಅಮ್ಮನವರಿಗೆ ಕಚ್ಚಿದ್ದರೆ ಅಥವಾ ಪರಚಿದ್ದರೆ ಆ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಣ್ಣದ ಕೆಲಸ ಮುಗಿಯುವವರೆಗೆ ಚಿನ್ನಿಯನ್ನು ಒಂದೇ ಕೋಣೆಯಲ್ಲಿ ಇರಿಸಿ, ಕೋಣೆಯ ಬಾಗಿಲಿನ ಮೇಲೆ ಕೆಲಸದವರಿಗೆ ಓದಲು ಬರುವ ಭಾಷೆಯಲ್ಲಿ ಒಂದು ಚೀಟಿ ಅಂಟಿಸಿ. ಗಾಯಕ್ಕೆಂದು ಕ್ಲಿನಿಕ್ಕಿಗೆ ಹೋದಾಗ ಚಿಪ್ ಹಾಕಿಸುವ ಬಗ್ಗೆಯೂ ವಿಚಾರಿಸಿ.